ಐನೂರ ಎಂಬತ್ತಾರು ಮೀಟರ್

ಕಕ್ಕಬ್ಬೆ ದಾಟಿ, ಅರಮನೆಗೂ ಮೇಲೆ,
ತಡಿಯಂಡಮೋಳಿನ ಬುಡದ ಗೇಟಿನಲ್ಲಿ
ರಸೀದಿ ಹರಿಯುವವಳು ನಾನು.
ಹೆಸರು, ಊರು, ಎಷ್ಟು ಜನ, ಬಾಟಲಿ ಎಷ್ಟು,
ಬಂದ ಉದ್ದೇಶ.
ಕೊನೆಯ ಕಲಮಿನಲ್ಲಿ ಮೊದಲಿನವರು ಬರೆಯುವುದು ಟ್ರೆಕ್ಕಿಂಗ್,
ಆಮೇಲೆ ಬಂದವರದು ಅದೇ, ಅದೇ ಎಂದು
ಪುಟದುದ್ದ ಎರಡೆರಡು ಗೀಟು.

ನವೆಂಬರಿನ ಒಂದು ಮಂಗಳವಾರ
ಒಬ್ಬನೇ ಬಂದ, ಮುದುಕ. ಡೀಟ್ಮಾರ್.
ಊರು: ಜರ್ಮನಿ, ಶ್ಪೆಸಾರ್ಟ್ ಎಂಬ ಕಾಡು.
ಅಂಗಿಯ ಜೇಬಿನ ನೋಟುಬುಕ್ಕಿನಲ್ಲಿ
ಆ ಕಾಡಿನ ಬೆಟ್ಟಗಳೆಲ್ಲ ಸಾಲಾಗಿ ಕೂತಿದ್ದವು,
ನಮ್ಮ ಜೇನು ಸೊಸೈಟಿಯ ಲೆಕ್ಕದಂತೆ:
ಹೆಸರು, ಎತ್ತರ, ಹತ್ತಿದ ತಾರೀಖು.
ಎಲ್ಲಕ್ಕೂ ಎತ್ತರದ್ದು ರಣಹದ್ದಿನ ಬೆಟ್ಟವಂತೆ,
ಐನೂರ ಎಂಬತ್ತಾರು ಮೀಟರ್.

ನಗು ಬಂತು. ತಡೆಯಲಿಲ್ಲ.
"ಅಯ್ಯಾ, ನಾನು ಚಪ್ಪಲಿ ಬಿಟ್ಟ ಈ ಮೆಟ್ಟಿಲು
ಅದಕ್ಕಿಂತ ಎತ್ತರ."
ಗೊತ್ತು, ಎಂದ ಅವನೂ ನಗುತ್ತ.
ಮಾಕುಟ್ಟದ ಘಾಟಿಯಲ್ಲಿ ಬಸ್ಸು ಅದನ್ನು ದಾಟುವಾಗ
ನನಗೆ ಒಳ್ಳೆಯ ನಿದ್ದೆ.

ಬೇರೆ ಯಾರೂ ಬರುವ ಹಾಗಿರಲಿಲ್ಲ.
ಗೇಟಿಗೆ ಬೀಗ ಹಾಕಿ ನಾನೂ ಹೊರಟೆ,
ಮುಂದೆ ವಾಚರು, ಕುಡಿಯರ ಪೂವ.
ಇದು ಎಷ್ಟು ಎತ್ತರ, ಕೇಳಿದ ಮುದುಕ.
ಬೋರ್ಡಿನ ಸಂಖ್ಯೆ ಹೇಳಿದೆ. ಪೂವ ಒಪ್ಪಲಿಲ್ಲ.
ಬೈನೆ ಮರ ನಿಂತುಬಿಡುವಲ್ಲಿಗೆ ಒಂದು,
ಜಿಗಣೆ ಕೈಬಿಡುವಲ್ಲಿಗೆ ಇನ್ನೊಂದು,
ಅಲ್ಲಿಂದಾಚೆ ಎತ್ತರವೆಂಬುದಿಲ್ಲ, ಗಾಳಿ ಅಷ್ಟೇ.
"ಸಮುದ್ರದಿಂದ ಅಳೆಯುತ್ತಾರೆ ಪೂವ."
"ಯಾಕೆ? ಅದೇನು ಇಲ್ಲಿಗೆ ಹತ್ತಿ ಬರುತ್ತದಾ?"

ತುದಿಯಲ್ಲಿ ಮಂಜು. ನಮ್ಮ ಕಾಲೇ ನಮಗೆ ಕಾಣದು.
ಪೂವ ಮಾತ್ರ ಆ ಬಿಳಿಯೊಳಗೆ ಬೆರಳು ನೆಟ್ಟು
ಅಗೋ ಇಗ್ಗುತಪ್ಪನ ಕುಂದು, ಅಗೋ ಬ್ರಹ್ಮಗಿರಿ,
ಆ ಕಡೆ, ಇಲ್ಲ, ಇನ್ನೂ ಸ್ವಲ್ಪ ಎಡಕ್ಕೆ, ಕೋಟೆಬೆಟ್ಟ,
ಎನ್ನುತ್ತ ಹೋದ.
ಮುದುಕ ಒಂದನ್ನೂ ನೋಡದೆ ಎಲ್ಲವನ್ನೂ ಬರೆದುಕೊಂಡ.

ಕ್ಷಮಿಸಿ, ಎಂದೆ. ಬಿಸಿಲಿದ್ದರೆ
ಕಡಲು ತೆಳ್ಳಗೆ ಗೆರೆಯಂತೆ ಕಾಣುತ್ತಿತ್ತು.
ನಮ್ಮ ಹದ್ದಿನ ಬೆಟ್ಟದಲ್ಲೂ ಹೀಗೇ, ಎಂದ.
ಮೇಲೆ ಹೋದರೂ ಮರ, ಬರೀ ಮರ.
"ಮತ್ತೆ ತುದಿ ಹೇಗೆ ಗೊತ್ತಾಗುತ್ತದೆ?"
"ಕಾಲಿಗೆ. ನಡೆಯುತ್ತಿರುತ್ತೇನೆ. ಒಂದು ಹೆಜ್ಜೆಗೆ
ಮೀನಖಂಡದ ನೋವು ಮೊಣಕಾಲಿಗೆ ಬರುತ್ತದೆ.
ಆಗ ಎರಡು ಹೆಜ್ಜೆ ವಾಪಸು.
ಅಲ್ಲಿ ನಿಂತು ತಂದ ಬ್ರೆಡ್ಡು ತಿನ್ನುತ್ತೇನೆ."
ಪೂವನಿಗೆ ಎಷ್ಟು ಅರ್ಥವಾಯಿತೋ,
ಬಾಳೆಲೆ ಬಿಚ್ಚಿ ಒಂದು ಕಡಂಬಿಟ್ಟು
ಮುದುಕನ ಅಂಗೈಯಲ್ಲಿಟ್ಟ.

ಇಳಿದು ಬಂದು ಕೊನೆಯ ಕಲಮಿನಲ್ಲಿ
ತನ್ನ ಭಾಷೆಯಲ್ಲಿ ಏನೋ ಬರೆದ, ಉದ್ದ,
ಗೆರೆ ದಾಟಿ ಸಹಿಯ ಜಾಗಕ್ಕೂ ಹೋಗಿತ್ತು.
ಮರುದಿನ ಬಂದ ಹುಡುಗರ ಗುಂಪು
ಅದರ ಕೆಳಗೆ ಎರಡು ಗೀಟೆಳೆದು
ಕೂಗುತ್ತ ಬೆಟ್ಟ ಹತ್ತಿತು.

ನಾನು ಮನೆಗೆ ಹೋಗುವುದು
ಹನ್ನೆರಡು ವರ್ಷ ಸವೆಸಿದ ಅದೇ ದಾರಿ.
ಈಚೆಗೆ ಕಾಲು ಲೆಕ್ಕ ಕೇಳುತ್ತಿದೆ.
ಸೊಸೈಟಿ ಕಳೆದು, ಮೋರಿಗೆ ಮುಂಚೆ,
ಬೊಳ್ಳಮ್ಮಕ್ಕನ ತೋಟದ ಗೇಟಿನೆದುರು
ಟಾರು ಒಂದಿಷ್ಟೇ ಬೆನ್ನೆತ್ತಿದೆ.
ಎರಡು ಹೆಜ್ಜೆ ವಾಪಸು ಬಂದೆ.

ಇಲ್ಲೇ.

ಸುತ್ತ ಸಿಲ್ವರ್ ಓಕು, ಅದಕ್ಕೆ ಹಬ್ಬಿದ ಮೆಣಸು,
ಎಲ್ಲೋ ಕಣದಲ್ಲಿ ಹರಡಿದ ಕಾಫಿಯ ಹುಳಿವಾಸನೆ.
ನೋಡುವಂಥದ್ದು ಏನೂ ಇಲ್ಲ.
ಬುತ್ತಿಯಲ್ಲಿ ಅರ್ಧ ಅಕ್ಕಿರೊಟ್ಟಿ ಉಳಿದಿತ್ತು.
ಹಿಂದೆ ಜೀಪು ನಿಂತು ಹಾರ್ನ್ ಹೊಡೆಯಿತು:
"ಏನಕ್ಕಾ, ಏನಾದರೂ ಬಿತ್ತಾ?"
ಇಲ್ಲ ಇಲ್ಲ, ಇಳಿಯುತ್ತೇನೆ ಈಗ, ಅಂದೆ,
ಬಾಯ್ತುಂಬ ರೊಟ್ಟಿ.