ನೀರಿಗೆ ಹೆಪ್ಪು

ಮೊದಲ ಹದಿನಾಲ್ಕು ಮೀನು ನನ್ನ ತಪ್ಪಿಗೆ ಸತ್ತವು.
ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ,
ತಾರೀಖಿನ ಸಮೇತ.

ಚಳ್ಳಕೆರೆಯ ಎಣ್ಣೆಗಿರಣಿಯಿಂದ ತಂದ ನೀಲಿ ಡ್ರಮ್ಮು.
ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದರೂ
ಶೇಂಗಾ ವಾಸನೆ ಬಿಟ್ಟುಹೋಗಲಿಲ್ಲ.
ಇನ್ನೊಂದನ್ನು ಉದ್ದಕ್ಕೆ ಸೀಳಿ, ಮೇಲೆ ಕೂರಿಸಿ,
ಜಲ್ಲಿ ತುಂಬುವ ಮುಂಚೆ ಜಲ್ಲಿಗೂ ಪರೀಕ್ಷೆ:
ಒಂದೊಂದು ಕಲ್ಲಿಗೆ ನಿಂಬೆರಸದ ಒಂದು ಹನಿ.
ನೊರೆಯೆದ್ದದ್ದು ಸುಣ್ಣದ ಕಲ್ಲು, ಫೇಲು, ಬೇಲಿಯಾಚೆ.
ಸುಮ್ಮನೆ ಕೂತದ್ದು ಪಾಸು.
"ಸಾ, ಸುಮ್ಕಿದ್ರೆ ಪಾಸಾ?" ಅಂದ
ಒಂಬತ್ತನೇ ಕ್ಲಾಸಿನ ಪಾಲಯ್ಯ,
ಹುಟ್ಟಿದಾಗಿನಿಂದ ಸುಮ್ಮನೆ ಕೂತವನಲ್ಲ.

ಬೋರ್ಡಿನ ಮೇಲೆ ಎಲ್ಲ ಸಲೀಸು.
ಮೀನಿನ ಹೊಲಸನ್ನು ಕಣ್ಣಿಗೆ ಕಾಣದವರು ಗೊಬ್ಬರ ಮಾಡುತ್ತಾರೆ,
ಗಿಡ ಅದನ್ನುಂಡು ನೀರನ್ನು ತೊಳೆದು ಕೊಡುತ್ತದೆ.
ಬಾಣದ ಗುರುತು ಹಾಕಿ ಚಕ್ರ ಬರೆದೆ,
ಅರ್ಧ ತುಂಡು ಸೀಮೆಸುಣ್ಣ ಸಾಕಾಯಿತು.
ನೀರಿನ ಚಕ್ರಕ್ಕೆ ಐದಾರು ವಾರ ಬೇಕೆಂದು
ಪುಸ್ತಕದ ಅಡಿಟಿಪ್ಪಣಿಯಲ್ಲಿತ್ತು.
ಅಡಿಟಿಪ್ಪಣಿ ಓದುವ ಚಾಳಿ ನನಗಿಲ್ಲ.
ಉದ್ಘಾಟನೆಗೆ ಸಾಹೇಬರು ಬರುವವರಿದ್ದರು.

ಸೋಮವಾರ, ಪ್ರಾರ್ಥನೆಗೆ ಮುಂಚೆ,
ಹದಿನಾಲ್ಕು ಬಿಳಿ ಹೊಟ್ಟೆ.
ಕೊಳವೆಯಲ್ಲಿ ಹಳದಿಯಾಗಬೇಕಿದ್ದ ನೀರು
ಬೇವಿನೆಲೆಯಷ್ಟು ಹಸಿರು.
ಹಸಿರೆಂದರೆ ಇಲ್ಲಿ ವಿಷ ಅಂತ
ಮಕ್ಕಳಿಗೆ ಹೇಳಲು ನಾಲಿಗೆ ಏಳಲಿಲ್ಲ.
ನನ್ನ ಹಾಳೆಯಲ್ಲಿ ಹದಿನಾಲ್ಕರ ಮುಂದೆ
ಯಾರೋ ಪೆನ್ಸಿಲ್ಲಿನಲ್ಲಿ "ಗೈರುಹಾಜರು" ಎಂದು ಬರೆದರು.
ಅಕ್ಷರ ಯಾರದೆಂದು ಗೊತ್ತು. ಅಳಿಸಿಲ್ಲ.

ಬಿಸಿಯೂಟದ ಸಣ್ಣಬೋರಮ್ಮ
ಸೌಟು ಹಿಡಿದೇ ಬಂದು ಡ್ರಮ್ಮಿನೊಳಗೆ ಬಗ್ಗಿದರು.
"ನೀರು ಇನ್ನಾ ಎಳೇದೈತೆ ಸಾ.
ಹಾಲಿಗೆ ಹೆಪ್ಪಾಕ್ದೆ ಮೊಸರು ಅಂದ್ರೆ
ಎಲ್ಲಿಂದ ಬರ್ತೈತೆ?"

ಮರುದಿನ ಸೆರಗಿನ ಗಂಟು ಬಿಚ್ಚಿದರು:
ಅವರ ಹಟ್ಟಿಯ ದನದ ಬಾನಿಯ ತಳದ ಕಲ್ಲು,
ಪಾಚಿ, ಜೊಲ್ಲು, ಎಷ್ಟೋ ಬೇಸಿಗೆಯ ಅಂಟು.
ಹಿಡಿಯಷ್ಟೇ.
ಜಲ್ಲಿಯ ನಡುವೆ ಕುಳಿ ಮಾಡಿ ಇಟ್ಟೆವು,
ತೊಳೆಯದೆ.

ಆಮೇಲೆ ದಿನಾ ಖಾಲಿ ನೀರಿಗೆ ಚಿಟಿಕೆ ಮೀನಿನ ಮೇವು.
"ಮೀನಿಲ್ಲದ ಡ್ರಮ್ಮಿಗೆ ಊಟವೇನ್ರೀ?
ಯಾವ ಬಾಬ್ತಿನಲ್ಲಿ ಬರೆಯಲಿ?" ಅಂದರು ಹೆಡ್‌ಮಾಸ್ಟರು.
ಮುಬೀನಾ ಮಾತ್ರ ದಿನಕ್ಕೊಂದು ಮನೆ ಗೀಚಿ
ಬಣ್ಣ ತುಂಬುತ್ತಿದ್ದಳು:
ಒಂಬತ್ತನೇ ದಿನ ಬೇವು,
ಹತ್ತೊಂಬತ್ತಕ್ಕೆ ಇನ್ನೊಂದು ಕೊಳವೆಯಲ್ಲಿ ಬದನೆಹೂವು,
ಮೂವತ್ತಮೂರಕ್ಕೆ ಬದನೆ ಮಾಸಿತು, ಮೊದಲನೆಯದರಲ್ಲಿ ಹೆಸರುಬೇಳೆ.
ಅವಳ ಪೆನ್ಸಿಲ್ ಡಬ್ಬಿಯಲ್ಲಿ ನೇರಳೆ
ಮೊಂಡಾಗಿಹೋಗಿತ್ತು.

ಮಾರಿಕಣಿವೆಯ ಕಡೆಯಿಂದ ಪಾಲಯ್ಯನ ಮಾವ ತಂದ
ಇಪ್ಪತ್ತು ಗೆಂಡೆ ಮರಿ.
ಚೀಲ ಬಿಚ್ಚದೆ ತೇಲಿಬಿಟ್ಟು ಅರ್ಧ ಗಂಟೆ ಕಾದೆವು,
ಒಳಗಿನ ಬಿಸಿಗೂ ಹೊರಗಿನ ಬಿಸಿಗೂ ಪರಿಚಯವಾಗಲೆಂದು.
ಸಾಹೇಬರು ಈ ಸಲ ಬರಲಿಲ್ಲ, ನಾವೂ ಕರೆಯಲಿಲ್ಲ.

ಈಗ ಹನ್ನೊಂದು ನಿಮಿಷಕ್ಕೊಮ್ಮೆ ಜಲ್ಲಿಯಲ್ಲಿ ನೀರೇರಿ,
ಅಂಚು ಮುಟ್ಟಿ, ಏನೋ ನೆನಪಾದಂತೆ ನಿಂತು,
ಗಳಗಳ ಇಳಿದು, ಕೊನೆಗೊಂದು ತೇಗು.
ಗಣಿತದ ಮೇಡಮ್ಮು ಆ ತೇಗಿಗೆ ಲೆಕ್ಕ ತಪ್ಪುತ್ತಾರೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು.
ಎರಡಕ್ಕೆ ಹೋದದ್ದು ಐದೂ ನಲವತ್ತಕ್ಕೆ ಬಂತು.
ಅಲ್ಲಿಯವರೆಗೆ ಸರದಿ ಮೇಲೆ ಚೊಂಬು:
ಮೊಗೆ, ಎತ್ತರಕ್ಕೆ ಎತ್ತು, ಸುರಿ, ಗುಳ್ಳೆಯೇಳಲಿ.
ನೀರಿನ ಮೇಲೆ ಇಪ್ಪತ್ತು ಬಾಯಿ,
ಸುತ್ತ ಮೂವತ್ತೆಂಟು ಜೊತೆ ಕೈ.
ಆ ದಿನ ಸುಮ್ಮನೆ ಕೂತವರು ಯಾರೂ ಪಾಸಾಗುತ್ತಿರಲಿಲ್ಲ.
ಯಾರೂ ಕೂರಲಿಲ್ಲ.

ಹರಿವೆ ಸಾರಿಗೆ ಹೋಗುತ್ತದೆ, ವಾರಕ್ಕೆ ಎರಡು ಸಲ.
ಮೀನು ಯಾವಾಗ ತಿನ್ನೋದು ಅನ್ನುವ ಪ್ರಶ್ನೆಗೆ
ನನ್ನಲ್ಲಿನ್ನೂ ಉತ್ತರವಿಲ್ಲ.

ಮೊನ್ನೆ ಪರಶುರಾಂಪುರದ ಕಡೆಯ ಮೇಷ್ಟ್ರೊಬ್ಬರ ಫೋನು:
"ನಾವೂ ಡ್ರಮ್ಮು ತಂದಿದೀವಿ ಸಾರ್, ಏನಿಂದ ಶುರು ಮಾಡೋದು?"
ಒಂದು ಡಬ್ಬಿ ತನ್ನಿ, ಹಿಡಿ ಕಲ್ಲು ಕೊಡುತ್ತೇವೆ, ಅಂದೆ.
ಅಕ್ಕಿ ಆರಿಸುತ್ತಿದ್ದ ಸಣ್ಣಬೋರಮ್ಮ
ತಲೆಯೆತ್ತದೆ ಸೇರಿಸಿದರು:
"ದೀಪ ಹಚ್ಚೋಕ್ಮುಂಚೆ ಬರೋಕೇಳ್ರಿ.
ಆಮ್ಯಾಕೆ ಹೆಪ್ಪು ಕೊಡಾಂಗಿಲ್ಲ."