ನ್ಯೂಟ್ರಲ್

ಬಿಡುಗಡೆಯ ಕಾಗದದಲ್ಲಿ ಅವನಿಗೆ ಮನೆ, ನನಗೆ ಫಿಯೆಟ್.
ಆ ವಾರವೇ ಬಾಬ್ ಅಲ್-ಲೂಕ್‌ನ ಈ ಗಲ್ಲಿಯಲ್ಲಿ ಗಾಡಿ ನಿಲ್ಲಿಸಿ
ಹ್ಯಾಂಡ್‌ಬ್ರೇಕ್ ಎಳೆದೆ, ಬೀಗ ಹಾಕಿದೆ,
ಎರಡು ಸಲ ಜಗ್ಗಿ ನೋಡಿದೆ.

ಶಹಾತಾ ಓಡಿ ಬಂದ. ಹೆಗಲ ಮೇಲೆ ಹಳದಿ ಬಟ್ಟೆ,
ಕೈಯಲ್ಲಿ ಅರ್ಧ ಕುಡಿದ ಚಹಾ.
"ಉಸ್ತಾಝಾ, ಬ್ರೇಕು ಬಿಡಿ. ಗೇರು ನ್ಯೂಟ್ರಲ್ಲಿಗೆ ಹಾಕಿ."
"ಉರುಳಿ ಹೋದರೆ?"
"ಹೋಗುವುದಕ್ಕೆ ಜಾಗ ಎಲ್ಲಿದೆ?" ಅಂದ.

ನಿಜ. ಎಳ್ಳು ಹಾಕಿದರೆ ನೆಲ ಮುಟ್ಟದ ಗಲ್ಲಿ.
ಗೋಡೆಗೊಂದು ಸಾಲು, ಅದರ ಪಕ್ಕೆಗೆ ಒತ್ತಿ ಇನ್ನೊಂದು,
ಉಳಿದ ಸಂದಿಯಲ್ಲಿ ರೊಟ್ಟಿ ಹೊತ್ತ ಸೈಕಲ್ಲು, ಬೆಕ್ಕು, ನಾವು.
ಒಳಸಾಲಿನ ದಂತವೈದ್ಯ ವಗ್ದಿ ಹೊರಡಬೇಕೆಂದರೆ
ಹೊರಸಾಲು ಇಡಿಯಾಗಿ ಮೂರು ಮಾರು ಸರಿಯಬೇಕು.
ಶಹಾತಾ ಡಿಕ್ಕಿಗೆ ಎಡ ಹೆಗಲು ಕೊಡುತ್ತಾನೆ;
ಚಕ್ರ ಮೊದಲು ಒಲ್ಲೆ ಅನ್ನುತ್ತದೆ,
ಆಮೇಲೆ ನಿದ್ದೆಗಣ್ಣಿನ ಮಗುವಿನ ಹಾಗೆ ನಡೆಯುತ್ತದೆ.

"ನಿನಗೆ ಡ್ರೈವಿಂಗ್ ಬರುತ್ತದಾ?" ಒಮ್ಮೆ ಕೇಳಿದೆ.
"ತಳ್ಳಲು ಬರುತ್ತದೆ" ಅಂದ.
ಮೂವತ್ತೊಂದು ವರ್ಷದಲ್ಲಿ ಕಾರಿನ ಒಳಗೆ ಕೂತದ್ದು
ಮಗಳ ಹೆರಿಗೆಯ ರಾತ್ರಿ, ಅದೂ ಹಿಂದಿನ ಸೀಟಿನಲ್ಲಿ.

ಸಂತನೇನಲ್ಲ. ಹಬ್ಬದ ವಾರ ಹತ್ತು ಪೌಂಡು ಇಪ್ಪತ್ತಾಗುತ್ತಿತ್ತು.
ಕಡಿಮೆ ಕೊಟ್ಟವರ ಗಾಡಿ ಬಿಸಿಲಿಗೆ ಜರುಗುತ್ತಿತ್ತು,
ನನ್ನದು ಒಮ್ಮೆ ಪಾರಿವಾಳದ ಗೂಡಿನ ಕೆಳಕ್ಕೆ.
ಜಗಳವಾಡಿದೆ. ಮರುದಿನ ನೆರಳು ಸಿಕ್ಕಿತು.

ಸಂಜೆ ಇಳಿದು ಬಂದರೆ ಗಾಡಿ ಬಿಟ್ಟಲ್ಲಿ ಇರುತ್ತಿರಲಿಲ್ಲ.
ಬೆಳಗ್ಗೆ ಔಷಧಿ ಅಂಗಡಿ ಮುಂದಿದ್ದದ್ದು
ಬೇಕರಿ ದಾಟಿ, ದರ್ಜಿಯ ಹೊಸ್ತಿಲು ದಾಟಿ,
ನಾನಿಲ್ಲದೆ ತನ್ನ ದಿನ ಕಳೆದು
ಯಾವುದೋ ಕಂಬದ ಹತ್ತಿರ ಕಾಯುತ್ತಿತ್ತು.
ಖಮ್ಸೀನ್ ಬೀಸುವ ತಿಂಗಳಲ್ಲಿ
ಡಿಕ್ಕಿಯ ದೂಳಿನ ಮೇಲೆ ಅಂಗೈ ಗುರುತು.
ಎಣಿಸಿದರೆ ತಿಳಿಯುತ್ತಿತ್ತು
ಇವತ್ತು ನಾನು ಎಷ್ಟು ಜನಕ್ಕೆ ದಾರಿ ಬಿಟ್ಟಿದ್ದೇನೆ ಎಂದು.

ಈಗ ಗಲ್ಲಿಗೆ ಗುತ್ತಿಗೆ ಕಂಪನಿ ಬಂದಿದೆ.
ಬಿಳಿ ಗೆರೆ, ಚೌಕಕ್ಕೊಂದು ನಂಬರು, ಗಂಟೆಗಿಷ್ಟು.
ತಪ್ಪಿದರೆ ಚಕ್ರಕ್ಕೆ ಕಬ್ಬಿಣದ ಕೋಳ.
ಶಹಾತಾ ಎಲ್ಲಿಗೆ ಹೋದ? ಬೇಕರಿಯವ ಶುಬ್ರಾ ಅನ್ನುತ್ತಾನೆ,
ದರ್ಜಿ, ಮಗಳ ಮನೆ ಅನ್ನುತ್ತಾನೆ.
ನಾವು ಯಾರೂ ಅವನ ವಿಳಾಸ ಕೇಳಿಟ್ಟುಕೊಂಡಿರಲಿಲ್ಲ.
ಅವನಿಗೆ ನಮ್ಮೆಲ್ಲರ ವೇಳೆ ಗೊತ್ತಿತ್ತು.

ಮೊನ್ನೆ ಮುಕತ್ತಮ್ ಗುಡ್ಡದಲ್ಲಿ, ತಂಗಿ ನವಾಲಳ ಮನೆ ಮುಂದೆ
ಗಾಡಿ ನಿಲ್ಲಿಸಿದೆ. ಇಳಿದೆ.
ನಾಲ್ಕು ಹೆಜ್ಜೆ ಹಾಕಿರಬೇಕು, ಹಿಂದೆ ಜಲ್ಲಿ ಕರಕರ ಅಂತು.
ಹದಿನಾಲ್ಕು ವರ್ಷ ಪಳಗಿದ ಕೈ
ಬ್ರೇಕನ್ನು ಮರೆತಿರಲಿಲ್ಲ;
ಅದನ್ನು ಮುಟ್ಟಬಾರದೆಂದು ಕಲಿತಿತ್ತು.

ಫಿಯೆಟ್ಟು ಇಳಿಜಾರಿಗೆ ಮುಖ ಮಾಡಿ ಮೆಲ್ಲಗೆ ಹೊರಟಿತ್ತು,
ಕೆಳಗೆ ಬೇಕಾದಷ್ಟು ಜಾಗ.
ಓಡಿ ಬಾನೆಟ್ಟಿಗೆ ಹೆಗಲು ಕೊಟ್ಟೆ. ಎಡ ಹೆಗಲೇ.
ಬಿಸಿ ತಗಡು ಕುಪ್ಪಸದೊಳಗೆ ಸುಟ್ಟಿತು, ಚಪ್ಪಲಿ ಜಾರಿತು,
ಅಬ್ಬ, ಎಷ್ಟು ಭಾರ.
ಇಷ್ಟು ಭಾರ ದಿನವೂ
ಹತ್ತು ಪೌಂಡಿಗೆ, ಅರ್ಧ ಲೋಟ ಚಹಾಕ್ಕೆ
ಸದ್ದಿಲ್ಲದೆ ಸರಿಯುತ್ತಿತ್ತು.

ನವಾಲ ಬಾಲ್ಕನಿಯಿಂದ ಕೂಗಿದಳು:
"ಕಲ್ಲು ತರಲಾ?"
ಉಸಿರು ಸಿಕ್ಕಾಗ ಹೇಳಿದೆ,
"ತಾ. ದೊಡ್ಡದೇ ತಾ."