ಗೋರ್ ಪೇಟೆಯಲ್ಲಿ, ಬುಧವಾರ

ಮೊದಲು ಬರೀ ಪ್ರಶ್ನೆ. ಎಷ್ಟು ವರ್ಷದಿಂದ ಕುರಿ ಬೋಳಿಸುತ್ತೀರಿ,
ರಾತ್ರಿ ಯಾವ ಮಗ್ಗುಲು, ಕೆಮ್ಮಿದರೆ ಕಾಲಿಗಿಳಿಯುತ್ತದೆಯೆ ನೋವು,
ಉಚ್ಚೆ ಸಲೀಸೆ, ನಾಚದೆ ಕೇಳಿದಳು ಐಲ್ಸಾ.

ಬನಿಯನ್ನಿನಲ್ಲಿ ನಿಂತೆ. ಬಾಗಿ ಎಂದಳು.
ಇಪ್ಪತ್ತಾರು ವರ್ಷ ಬಾಗಿಯೇ ದುಡಿದವನಿಗೆ ಹೇಳಿಕೊಡಬೇಕೆ?
ಮೊಣಕಾಲಲ್ಲೇ ನಿಂತುಬಿಟ್ಟವು ಬೆರಳು.

ಆಮೇಲೆ ಮೇಜು. ಬೆಚ್ಚಗಿನ ಅಂಗೈ
ಸೊಂಟದ ಮೇಲೆ, ಸುಮ್ಮನೆ.
ಇದಕ್ಕೇ ತೊಂಬತ್ತು ಡಾಲರೆ, ಅಂದುಕೊಳ್ಳುವಷ್ಟರಲ್ಲಿ
ಹೊರಳಿಸಿ, ಮೊಣಕಾಲು ಮಡಿಸಿ,
ಭುಜ ಅತ್ತ, ಸೊಂಟ ಇತ್ತ.
ಗೊತ್ತು ನನಗೆ ಈ ಪಟ್ಟು!
ದಿನಕ್ಕೆ ಮುನ್ನೂರು ಸಲ ಹಿಡಿದಿದ್ದೇನೆ:
ಕುಂಡೆಯ ಮೇಲೆ ಕೂರಿಸಿದ ಕುರಿ
ಕಾಲಿಗೆ ನೆಲ ಸಿಗದೆ
ಒದೆಯುವುದನ್ನೇ ಮರೆಯುತ್ತದೆ.

"ಉಸಿರು ಬಿಡಿ, ಹೆಮಿ."
ಲಟಕ್.

ಮೂಳೆಯಲ್ಲ, ಕೀಲಿನೊಳಗಿನ ಗುಳ್ಳೆಯ ಸದ್ದು, ಎಂದಳು.
ನಾಳೆ ನಾಡಿದ್ದು ಮೈ ಜಜ್ಜಿದಂತೆ ನೋಯಬಹುದು.
ಮೂರು ಸಲ ನೋಡೋಣ; ಬಗ್ಗದಿದ್ದರೆ
ಡಾಕ್ಟರಿಗೆ ಚೀಟಿ ಬರೆದುಕೊಡುವೆ.
ವಾಸಿಯಾಗುತ್ತದೆಯೆ? ಎಂದೆ.
ಕೈ ತೊಳೆಯುತ್ತಿದ್ದಳು. "ಮಾತು ಕೊಡಲಾರೆ."

ಹೊರಗೆ ಗಾಳಿ. ಟ್ರಕ್ಕು ಹತ್ತುವಾಗ
ನೋವು ಇತ್ತು, ಇದ್ದಲ್ಲೇ;
ಮೈ ಮಾತ್ರ ಹಗುರ, ಚಳಿ ಚಳಿ.
ಉಣ್ಣೆ ಕಳೆದುಕೊಂಡು ದೊಡ್ಡಿಗೆ ಜಾರಿದ ಕುರಿ
ಒಂದು ಗಳಿಗೆ ನಿಂತೇ ಇರುತ್ತದಲ್ಲ,
ಹಾಗೆ.